ಮೂಗಿನೊಳಗೆ ಧರಿಸುವ ತೈಲದ ಕ್ಲಿಪ್: ಚಿಕಿತ್ಸಾಲಯದಲ್ಲಿ ನನ್ನ ಅನುಭವ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯಿಂದ ನನ್ನ ಆಯುರ್ವೇದ ಚಿಕಿತ್ಸಾಲಯಕ್ಕೆ ಬರುವವರಲ್ಲಿ ಮೂಗು ಕಟ್ಟುವ ತೊಂದರೆಯವರು ವರ್ಷವಿಡೀ ಇರುತ್ತಾರೆ. ಮಳೆಗಾಲದಲ್ಲಿ ಗೋಡೆಗೆ ಹಿಡಿಯುವ ಬೂಷ್ಟು, ಮಳೆ ಬಿಟ್ಟ ಮೇಲೆ ಅಡಿಕೆ ಸುಲಿಯುವಾಗ ಏಳುವ ಧೂಳು, ರಬ್ಬರ್ ಶೀಟಿಗೆ ಹೊಗೆ ಕೊಡುವ ಕೋಣೆಯ ವಾಸನೆ, ಹೀಗೆ ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ಕಾರಣ ಕಾದಿರುತ್ತದೆ. ಇಂಥವರಿಗೆ ಮೂಗಿನಲ್ಲಿ ಧರಿಸುವ ತೈಲದ ಕ್ಲಿಪ್ಪನ್ನು ನಾನು ಕೆಲವು ಕಾಲದಿಂದ ಬಳಸುತ್ತಿದ್ದೇನೆ. ಯು ಆಕಾರದ ಸಣ್ಣ ಸೇತುವೆ, ಅದರ ಎರಡು ತುದಿಗಳಲ್ಲಿ ತೂತುಗಳಿರುವ ಪುಟ್ಟ ಬಟ್ಟಲು, ಬಟ್ಟಲಿನೊಳಗೆ ತೈಲ ಹೀರಿಕೊಳ್ಳುವ ಬತ್ತಿ, ಇಷ್ಟೇ ಅದರ ರಚನೆ. ಉಸಿರೆಳೆದಾಗ ಗಾಳಿ ಬತ್ತಿಯನ್ನು ಸವರಿಕೊಂಡು ಒಳಗೆ ಹೋಗುತ್ತದೆ. ಕೈಯಲ್ಲಿ ಹಿಡಿದು ಆಗಾಗ ಮೂಸುವ ಇನ್ಹೇಲರಿನಂತೆ ಇದಕ್ಕೆ ಕೈ ಬೇಕಾಗುವುದಿಲ್ಲ. ಆ ಅನುಕೂಲದ ಜೊತೆಗೇ ಅಪಾಯವೂ ಇದೆ. ಇನ್ಹೇಲರನ್ನು ಮೂಸಿ ಜೇಬಿಗೆ ಹಾಕುತ್ತೇವೆ, ಕ್ಲಿಪ್ಪನ್ನು ಮರೆತು ಗಂಟೆಗಟ್ಟಲೆ ಹಾಕಿಕೊಂಡಿರುತ್ತೇವೆ. ಆದ್ದರಿಂದ ಯಾವ ತೈಲ ಎಂಬ ಪ್ರಶ್ನೆಗಿಂತ ಎಷ್ಟು ತೈಲ, ಕ್ಲಿಪ್ ಎಲ್ಲಿ ಕೂರಬೇಕು, ಎಷ್ಟು ಹೊತ್ತು ಇರಬೇಕು ಎಂಬ ಪ್ರಶ್ನೆಗಳಿಗೇ ನಾನು ಹೆಚ್ಚು ಸಮಯ ಕೊಡುತ್ತೇನೆ.

ಮೊದಲು ಕೂರುವ ಜಾಗದ ಮಾತು. ಮೂಗಿನ ನಡುಗೋಡೆಯ ಮುಂಭಾಗದಲ್ಲಿ ಹಲವು ರಕ್ತನಾಳಗಳು ಒಂದೆಡೆ ಸೇರುವ ತಾಣವೊಂದಿದೆ. ಇದನ್ನು ಕೀಸೆಲ್‌ಬಾಕ್ ತಾಣ ಎನ್ನುತ್ತಾರೆ. ಮೂಗಿನಿಂದ ರಕ್ತ ಸೋರುವ ಪ್ರಕರಣಗಳಲ್ಲಿ ಬಹುಪಾಲು ಇಲ್ಲಿಂದಲೇ ಆಗುತ್ತವೆ. ಕ್ಲಿಪ್ ಸ್ವಲ್ಪ ಮೇಲಕ್ಕೆ ಸರಿದರೆ ಅದರ ಒತ್ತಡ ನೇರವಾಗಿ ಈ ತೆಳುವಾದ ಪೊರೆಯ ಮೇಲೆ ಬೀಳುತ್ತದೆ. ಎರಡು ಹೊಳ್ಳೆಗಳ ನಡುವೆ ತುಟಿಯ ಮೇಲ್ಗಡೆ ಇರುವ ಚರ್ಮದ ಕಂಬದಂಥ ಭಾಗವನ್ನಷ್ಟೇ ಕ್ಲಿಪ್ ಹಿಡಿದಿರಬೇಕು, ಬಟ್ಟಲುಗಳು ಮೂಗಿನ ಕೂದಲಿರುವ ಮುಂಬಾಗಿಲಿನಲ್ಲಿಯೇ ನಿಲ್ಲಬೇಕು. ನಾನು ಕನ್ನಡಿ ಕೊಟ್ಟು ರೋಗಿಯ ಕೈಯಿಂದಲೇ ಹಾಕಿಸಿ, ತೆಗೆಸಿ, ಮತ್ತೆ ಹಾಕಿಸಿ ನೋಡುತ್ತೇನೆ. ತೆಗೆದ ಮೇಲೆ ಚರ್ಮದಲ್ಲಿ ಬಿಳಿಯ ಅಚ್ಚು ಉಳಿದರೆ ಆ ಕ್ಲಿಪ್ ಅವರಿಗೆ ಬಿಗಿ. ಮೂಗುಬೊಟ್ಟು ಹಾಕಿದ ಹೆಂಗಸರಲ್ಲಿ ಒಳಗಿನ ತಿರುಪು ಬಟ್ಟಲಿಗೆ ತಾಗಿ ಒಳಭಾಗ ಗೀರುವುದುಂಟು. ಬೊಟ್ಟನ್ನು ತೆಗೆದಿಡಲು ಇಷ್ಟವಿಲ್ಲದಿದ್ದರೆ ಅವರಿಗೆ ಕ್ಲಿಪ್ ಬೇಡವೆಂದೇ ಹೇಳುತ್ತೇನೆ, ಕುತ್ತಿಗೆಗೆ ದಾರದಲ್ಲಿ ನೇತುಹಾಕುವ ಸಣ್ಣ ಡಬ್ಬಿ ಸಾಕಾಗುತ್ತದೆ.

ಯಾವುದರಿಂದ ಮಾಡಿದ್ದು ಎಂಬುದೂ ಮುಖ್ಯ. ಸಿಲಿಕೋನ್ ಮೃದುವಾಗಿರುವುದರಿಂದ ಮೂಗಿಗೆ ಹಿತ, ಆದರೆ ಅದು ಸುಗಂಧ ತೈಲವನ್ನು ಹೀರಿಕೊಂಡು ಉಬ್ಬುತ್ತದೆ. ಒಮ್ಮೆ ನೀಲಗಿರಿ ಎಣ್ಣೆ ಕುಡಿದ ಸಿಲಿಕೋನ್ ಎಷ್ಟು ತೊಳೆದರೂ ವಾಸನೆ ಬಿಡುವುದಿಲ್ಲ, ಆಕಾರವೂ ಸಡಿಲವಾಗುತ್ತದೆ. ನಿಂಬೆ, ಕಿತ್ತಳೆಗಳ ತೈಲದಲ್ಲಿರುವ ಲಿಮೋನೀನ್ ಅಂತೂ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನೇ ಕರಗಿಸಬಲ್ಲದು. ಹಾಗಾಗಿ ಬಟ್ಟಲು ಸ್ಟೀಲಿನದ್ದಾಗಿದ್ದು, ಚರ್ಮಕ್ಕೆ ತಾಗುವ ಸೇತುವೆ ಮಾತ್ರ ಸಿಲಿಕೋನಿನದ್ದಾಗಿರುವ ಮಾದರಿಯನ್ನು ಆರಿಸಿಕೊಂಡಿದ್ದೇನೆ. ಸ್ಟೀಲಿನಲ್ಲಿ ನಿಕಲ್ ಇರುವುದರಿಂದ, ಚಿನ್ನವಲ್ಲದ ಓಲೆ ಹಾಕಿದರೆ ಕಿವಿ ತುರಿಸಿ ನೀರಾಡುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳುತ್ತೇನೆ.

ತೈಲದ ಅಳತೆಯ ವಿಚಾರದಲ್ಲಿ ನಾನು ಬಹಳ ಬಿಗಿ. ಪುದೀನ ಎಣ್ಣೆ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ವಸ್ತುಗಳು ಅಂಗಡಿಯಲ್ಲಿ ಸಿಗುತ್ತವೆ. ಪೆಪ್ಪರ್‌ಮಿಂಟ್ ತೈಲದಲ್ಲಿ ತಂಪು ಕೊಡುವ ಮೆಂಥಾಲ್ ಸಾಮಾನ್ಯವಾಗಿ ಶೇಕಡಾ 30ರಿಂದ 55ರಷ್ಟಿರುತ್ತದೆ. ಉತ್ತರ ಪ್ರದೇಶದಲ್ಲಿ ಹೇರಳವಾಗಿ ಬೆಳೆಯುವ ಮೆಂಥಾ ಆರ್ವೆನ್ಸಿಸ್ ಎಂಬ ಪುದೀನದ ಎಣ್ಣೆಯಲ್ಲಿ ಅದು ಶೇಕಡಾ 70ನ್ನು ದಾಟುತ್ತದೆ. ಬಾಟಲಿಯ ಮೇಲೆ ಸಸ್ಯದ ವೈಜ್ಞಾನಿಕ ಹೆಸರಿಲ್ಲದ ತೈಲವನ್ನು ನಾನು ಕೊಳ್ಳುವುದಿಲ್ಲ. 10 ಮಿಲಿಲೀಟರ್ ಎಳ್ಳೆಣ್ಣೆಗೆ 4 ಹನಿ ತೈಲ ಬೆರೆಸಿದರೆ ಹೆಚ್ಚುಕಡಿಮೆ ಶೇಕಡಾ 2ರ ಮಿಶ್ರಣವಾಗುತ್ತದೆ. ಈ ಮಿಶ್ರಣದ ಒಂದು ಹನಿ ಒಂದು ಬತ್ತಿಗೆ. ಹಾಗೆ ಲೆಕ್ಕ ಹಾಕಿದರೆ ಬತ್ತಿಯಲ್ಲಿ ಪುದೀನ ತೈಲ ಇರುವುದು ಒಂದು ಮಿಲಿಗ್ರಾಮಿನಷ್ಟು. ಇಷ್ಟು ಕಡಿಮೆಯೇ ಎಂದು ಅನುಮಾನಿಸುವವರು ಹಾಕಿಕೊಂಡು ಎರಡು ಉಸಿರೆಳೆದರೆ ಅನುಮಾನ ಹೋಗುತ್ತದೆ, ಏಕೆಂದರೆ ಬತ್ತಿಗೂ ಮೂಗಿನ ಒಳಪೊರೆಗೂ ನಡುವೆ ಇರುವ ಅಂತರ ಕೆಲವೇ ಮಿಲಿಮೀಟರ್.

ಎಳ್ಳೆಣ್ಣೆ ಬೆರೆಸುವುದು ತೀಕ್ಷ್ಣತೆ ಕಡಿಮೆ ಮಾಡಲು ಮತ್ತು ಆವಿಯಾಗುವ ವೇಗವನ್ನು ತಗ್ಗಿಸಲು. ಆದರೆ ಆ ಎಣ್ಣೆ ಹನಿಯಾಗಿ ಒಳಕ್ಕೆ ಇಳಿಯಬಾರದು. ಮಲಗಿದಾಗ ಮೂಗಿನಿಂದ ಗಂಟಲಿಗೆ, ಗಂಟಲಿನಿಂದ ಶ್ವಾಸಕೋಶಕ್ಕೆ ಎಣ್ಣೆ ಸ್ವಲ್ಪಸ್ವಲ್ಪವೇ ಇಳಿಯುತ್ತಿದ್ದರೆ ಅಲ್ಲಿ ಎಣ್ಣೆಯಿಂದಲೇ ಒಂದು ಬಗೆಯ ನ್ಯುಮೋನಿಯಾ ಆಗುತ್ತದೆ. ಮೂಗಿಗೆ ಎಣ್ಣೆ ಹನಿ ಹಾಕುವ ಅಭ್ಯಾಸದವರಲ್ಲಿ ಇದನ್ನು ವೈದ್ಯರು 1925ರಷ್ಟು ಹಿಂದೆಯೇ ಗುರುತಿಸಿದ್ದರು. ನನ್ನ ಪರೀಕ್ಷೆ ಸರಳವಾದದ್ದು. ಹನಿ ಹಾಕಿದ ಬತ್ತಿಯನ್ನು ಚಿಮಟದಲ್ಲಿ ಹಿಡಿದು ದಿನಪತ್ರಿಕೆಯ ಖಾಲಿ ಅಂಚಿಗೆ ಒತ್ತುತ್ತೇನೆ. ಬೆಳಕಿಗೆ ಹಿಡಿದರೆ ಕಾಗದ ಪಾರದರ್ಶಕವಾಗಿ ಮಚ್ಚೆ ಕಂಡರೆ ಎಣ್ಣೆ ಹೆಚ್ಚಾಯಿತು ಎಂದರ್ಥ; ಮಚ್ಚೆ ಮೂಡುವುದು ನಿಲ್ಲುವ ತನಕ ಹೊಸ ಜಾಗದಲ್ಲಿ ಒತ್ತುತ್ತಲೇ ಇರಬೇಕು. ಇಷ್ಟೆಲ್ಲ ಮಾಡಿದ ಮೇಲೂ ಕ್ಲಿಪ್ ಹಾಕಿಕೊಂಡು ನಿದ್ರೆ ಮಾಡಲು ನಾನು ಬಿಡುವುದಿಲ್ಲ.

ಆಯುರ್ವೇದದವನಾದ ನನಗೆ ಪದೇ ಪದೇ ಎದುರಾಗುವ ಪ್ರಶ್ನೆ, “ಡಾಕ್ಟ್ರೇ, ಇದಕ್ಕೆ ಅಣುತೈಲ ಹಾಕಬಹುದಾ?” ಎಂಬುದು. ಹಾಕುವುದರಿಂದ ಪ್ರಯೋಜನವಿಲ್ಲ. ಅಣುತೈಲದ ಆಧಾರ ಎಳ್ಳೆಣ್ಣೆ. ಅದು ದೇಹದ ಶಾಖಕ್ಕೆ ಆವಿಯಾಗುವ ವಸ್ತುವಲ್ಲ. ಅದನ್ನು ಬಳಸುವುದು ನಸ್ಯಕ್ಕೆ, ಅಂದರೆ ಮೂಗಿಗೆ ಔಷಧದ ಹನಿ ಹಾಕುವ ಆಯುರ್ವೇದ ಚಿಕಿತ್ಸೆಗೆ. ನಸ್ಯದಲ್ಲಿ ಎಣ್ಣೆ ಹನಿಯಾಗಿಯೇ ಒಳಪೊರೆಗೆ ತಾಗಬೇಕು, ಅದರ ಸಿದ್ಧತೆ, ಭಂಗಿ, ಉಗುಳುವ ಕ್ರಮ ಎಲ್ಲವೂ ಅದಕ್ಕೆಂದೇ ರೂಪುಗೊಂಡವು. ಕ್ಲಿಪ್ಪಿನಲ್ಲಿ ಆವಿ ಮಾತ್ರ ಕೆಲಸ ಮಾಡುತ್ತದೆ. ಎರಡೂ ಮೂಗಿನ ಚಿಕಿತ್ಸೆಗಳೇ ಆದರೂ ಒಂದರ ಔಷಧವನ್ನು ಇನ್ನೊಂದಕ್ಕೆ ಹಾಕಿದರೆ ಎರಡೂ ಕೆಡುತ್ತವೆ.

ಇನ್ನು ಈ ಆವಿ ಏನು ಮಾಡುತ್ತದೆ ಎಂಬುದನ್ನು ರೋಗಿಗಳಿಗೆ ನೇರವಾಗಿ ಹೇಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಮೆಂಥಾಲ್ ಮೂಗಿನ ಊತವನ್ನು ಇಳಿಸುವುದಿಲ್ಲ. ಬ್ರಿಟನ್ನಿನ ಕಾರ್ಡಿಫ್‌ನಲ್ಲಿ ಸಂಶೋಧಕ ರೊನಾಲ್ಡ್ ಎಕಲ್ಸ್ ಅವರು 1980ರ ದಶಕದಲ್ಲಿ ಮೂಗಿನ ಮೂಲಕ ಗಾಳಿ ಹಾಯುವ ತಡೆಯನ್ನು ಅಳೆದು ನೋಡಿದಾಗ, ಮೆಂಥಾಲ್ ಮೂಸಿದವರಿಗೆ ಮೂಗು ತೆರೆದಂತೆ ಅನ್ನಿಸಿದರೂ ತಡೆ ಮೊದಲಿನಷ್ಟೇ ಇದ್ದದ್ದು ಕಂಡುಬಂತು. ಕಾರಣ ತಿಳಿದದ್ದು 2002ರಲ್ಲಿ: ನರಗಳ ತುದಿಯಲ್ಲಿ ತಂಪನ್ನು ಗ್ರಹಿಸುವ ಟಿಆರ್‌ಪಿಎಂ8 ಎಂಬ ಗ್ರಾಹಕವನ್ನೇ ಮೆಂಥಾಲ್ ಕೂಡ ಎಚ್ಚರಿಸುತ್ತದೆ. ಇದನ್ನು ಪತ್ತೆಹಚ್ಚಿದವರಲ್ಲಿ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಅವರು 2021ರಲ್ಲಿ ನೊಬೆಲ್ ಪಡೆದರು. ಮೂಗಿನೊಳಗೆ ತಂಪು ತಾಗಿದರೆ ಗಾಳಿ ಹರಿಯುತ್ತಿದೆ ಎಂದು ಮೆದುಳು ತಿಳಿಯುತ್ತದೆ, ಅಷ್ಟೆ. ಅಡಿಕೆ ಸುಲಿಯುವವರು ಧೂಳಿಗೆ ಮಾಸ್ಕಿನ ಬದಲು ಈ ಕ್ಲಿಪ್ ಹಾಕಿಕೊಳ್ಳುತ್ತೇವೆ ಎಂದಾಗ ನಾನು ಒಪ್ಪದಿರುವುದು ಇದೇ ಕಾರಣಕ್ಕೆ. ಬತ್ತಿ ಧೂಳನ್ನು ಸೋಸುವುದಿಲ್ಲ, ಮೂಗು ತೆರೆದಿದೆ ಎಂಬ ಭಾವನೆಯಲ್ಲಿ ಅವರು ಇನ್ನಷ್ಟು ಹೊತ್ತು ಧೂಳಿನಲ್ಲಿ ಕೂರುತ್ತಾರೆ.

ಹಾಗಿದ್ದರೆ ಅನಿಸಿಕೆಯನ್ನಷ್ಟೇ ಬದಲಿಸುವ ಸಾಧನದಿಂದ ಲಾಭವೇನು? ನನ್ನ ಅನುಭವದಲ್ಲಿ ಇದರ ಅತ್ಯುತ್ತಮ ಉಪಯೋಗ ಕಂಡದ್ದು ಮೂಗಿನ ಹನಿಮದ್ದಿಗೆ ದಾಸರಾದವರಲ್ಲಿ. ಝೈಲೊಮೆಟಜೊಲಿನ್, ಆಕ್ಸಿಮೆಟಜೊಲಿನ್ ಹನಿಗಳು ರಕ್ತನಾಳಗಳನ್ನು ಕುಗ್ಗಿಸಿ ಮೂಗನ್ನು ಕ್ಷಣದಲ್ಲಿ ಬಿಡಿಸುತ್ತವೆ. ಒಂದು ವಾರಕ್ಕಿಂತ ಹೆಚ್ಚು ದಿನ ಬಳಸಿದರೆ ಮದ್ದಿನ ಪ್ರಭಾವ ಇಳಿದೊಡನೆ ಮೂಗು ಮೊದಲಿಗಿಂತ ಹೆಚ್ಚು ಕಟ್ಟುತ್ತದೆ, ಅದಕ್ಕೆ ಮತ್ತೆ ಅದೇ ಹನಿ. ಕನ್ನಡ ಮಾಧ್ಯಮ ಶಾಲೆಯ ಅಧ್ಯಾಪಕರೊಬ್ಬರು ಅಂಗಿಯ ಜೇಬಿನಿಂದ ಬಾಟಲಿ ತೆಗೆದು ನನ್ನ ಮೇಜಿನ ಮೇಲಿಟ್ಟರು. ಮುಚ್ಚಳದ ಅಂಚು ಬೆರಳಿನ ಉಜ್ಜಿಗೆ ನುಣುಪಾಗಿತ್ತು. “ಇದಿಲ್ಲದಿದ್ರೆ ರಾತ್ರಿ ಉಸಿರೇ ಕಟ್ತದೆ ಡಾಕ್ಟ್ರೇ, ಬಿಡ್ಲಿಕ್ಕೆ ಆಗುದಿಲ್ಲ” ಎಂದರು. “ಒಮ್ಮೆಲೇ ಬಿಡುವುದು ಬೇಡ ಮಾಷ್ಟ್ರೇ, ಮೊದಲು ಒಂದು ಹೊಳ್ಳೆಗೆ ನಿಲ್ಲಿಸುವ” ಎಂದು ಹೇಳಿ ಕ್ರಮ ಬರೆದುಕೊಟ್ಟೆ. ಬಲ ಹೊಳ್ಳೆಗೆ ಹನಿ ನಿಲ್ಲಿಸಿ, ಎಡಕ್ಕೆ ರಾತ್ರಿ ಮಾತ್ರ. ಬೆಳಿಗ್ಗೆ ಸಂಜೆ ಉಪ್ಪುನೀರಿನಿಂದ ಮೂಗು ತೊಳೆಯುವುದು. ಮಲಗುವ ಮುನ್ನ ಕುಳಿತುಕೊಂಡು ಹತ್ತು ನಿಮಿಷ ಪುದೀನ ಬತ್ತಿಯ ಕ್ಲಿಪ್. ಬಲಗಡೆ ಸರಿಯಾದ ಮೇಲೆ ಎಡಗಡೆಗೂ ನಿಲ್ಲಿಸುವುದು. ಜೊತೆಗೆ ಮಂಗಳೂರಿನ ಕಿವಿ-ಮೂಗು-ಗಂಟಲು ತಜ್ಞರು ಬರೆದ ಸ್ಟೀರಾಯ್ಡ್ ಸ್ಪ್ರೇಯನ್ನೂ ಮುಂದುವರಿಸಲು ಹೇಳಿದೆ, ಊತ ಇಳಿಸುವ ನಿಜವಾದ ಕೆಲಸ ಅದರದ್ದು. ಕಷ್ಟದ ರಾತ್ರಿಗಳಲ್ಲಿ ಅವರ ಕೈ ಹನಿಯ ಬಾಟಲಿಗೆ ಹೋಗದಂತೆ ತಡೆದದ್ದು ಆ ಹತ್ತು ನಿಮಿಷದ ತಂಪು. ಅವರು ಬಾಟಲಿಯನ್ನು ಬಿಟ್ಟರು. ಅಂಥ ಇನ್ನೂ ಕೆಲವರು ಬಿಟ್ಟಿದ್ದಾರೆ, ಬಿಡಲಾಗದೆ ಮರಳಿ ಹನಿಗೆ ಹೋದವರೂ ಇದ್ದಾರೆ.

ಮೂಗು ತೊಳೆಯುವ ನೀರಿನ ಬಗ್ಗೆ ಒಂದು ಮಾತನ್ನು ಇಲ್ಲಿಯೇ ಹೇಳಬೇಕು. ಕೇರಳದಲ್ಲಿ 2024 ಮತ್ತು 2025ರಲ್ಲಿ ಅಮೀಬಾದಿಂದ ಬರುವ ಮೆದುಳು ಜ್ವರದ ಪ್ರಕರಣಗಳು ವರದಿಯಾದವು; ಈ ಅಮೀಬಾ ಮೂಗಿನ ಮೂಲಕ ಮೆದುಳಿಗೆ ಏರಬಲ್ಲದು. ಬಾವಿಯ ನೀರು, ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದ ನೀರು ಎಷ್ಟೇ ತಿಳಿಯಾಗಿದ್ದರೂ ಕುದಿಸಿ ಆರಿಸದೆ ಮೂಗಿಗೆ ಹಾಕಬಾರದು.

ವಾಕರಿಕೆಗೂ ಕ್ಲಿಪ್ಪನ್ನು ಕೊಡುತ್ತೇನೆ, ಮುಖ್ಯವಾಗಿ ಕೀಮೋಥೆರಪಿ ಮುಗಿಸಿ ಮನೆಗೆ ಬಂದವರಿಗೆ, ವೈದ್ಯರು ಕೊಟ್ಟ ಮಾತ್ರೆಗಳ ಜೊತೆಗೆ. ಶಸ್ತ್ರಚಿಕಿತ್ಸೆಯ ನಂತರದ ವಾಕರಿಕೆಯ ಅಧ್ಯಯನಗಳಲ್ಲಿ ಪುದೀನಕ್ಕಿಂತ ಐಸೊಪ್ರೊಪೈಲ್ ಆಲ್ಕೋಹಾಲಿನ (ಇಂಜೆಕ್ಷನ್ನಿಗೆ ಮುನ್ನ ಚರ್ಮ ಒರೆಸುವ ಸ್ಪಿರಿಟ್ಟಿನ) ವಾಸನೆಗೇ ಹೆಚ್ಚು ಆಧಾರ ಸಿಕ್ಕಿದೆ ಎಂಬುದನ್ನು ಮುಚ್ಚಿಡುವುದಿಲ್ಲ. ಇಂಥವರಿಗೆ ಶುಂಠಿ, ಏಲಕ್ಕಿಗಳ ತೈಲವನ್ನು ನಾನು ಬಳಸುವುದಿಲ್ಲ. ವಾಕರಿಕೆಯ ಹೊತ್ತಿನಲ್ಲಿ ಮೂಸಿದ ವಾಸನೆಯೊಂದಿಗೇ ಮನಸ್ಸು ವಾಕರಿಕೆಯನ್ನು ಗಂಟು ಹಾಕಿಬಿಡುತ್ತದೆ; ಆಮೇಲೆ ದಿನದ ಕಷಾಯ, ಪಾಯಸವೇ ಹೇಸಿಗೆಯಾದರೆ ಮೊದಲೇ ಕುಗ್ಗಿದ ಊಟ ಇನ್ನಷ್ಟು ಕುಗ್ಗುತ್ತದೆ.

ಕೋವಿಡ್ ಬಳಿಕ ವಾಸನೆ ಕಳೆದುಕೊಂಡವರೂ ಕ್ಲಿಪ್ ಕೇಳುತ್ತಾರೆ. ಅವರಿಗೆ ಇದು ಸೂಕ್ತವಲ್ಲ. ಒಂದೇ ವಾಸನೆ ಎಡೆಬಿಡದೆ ತಾಗುತ್ತಿದ್ದರೆ ಕೆಲವೇ ನಿಮಿಷಗಳಲ್ಲಿ ಮೂಗು ಅದನ್ನು ಗಮನಿಸುವುದನ್ನೇ ನಿಲ್ಲಿಸುತ್ತದೆ. ಜರ್ಮನಿಯ ಡ್ರೆಸ್ಡೆನ್ನಿನಲ್ಲಿ ಥಾಮಸ್ ಹುಮ್ಮೆಲ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ವಾಸನೆಯ ಅಭ್ಯಾಸದಲ್ಲಿ ಗುಲಾಬಿ, ನೀಲಗಿರಿ, ನಿಂಬೆ, ಲವಂಗ ಎಂಬ ನಾಲ್ಕು ವಾಸನೆಗಳನ್ನು ದಿನಕ್ಕೆರಡು ಸಲ, ಪ್ರತಿಯೊಂದನ್ನೂ ಸುಮಾರು 10 ಸೆಕೆಂಡು, 12 ವಾರಗಳ ಕಾಲ ಗಮನವಿಟ್ಟು ಮೂಸುವುದಿದೆ. ಅದಕ್ಕೆ ನಾಲ್ಕು ಸಣ್ಣ ಗಾಜಿನ ಬಾಟಲಿಗಳೇ ಸರಿ.

ಅಪಸ್ಮಾರ ಇರುವವರಿಗೆ ಅಥವಾ ಹಿಂದೆ ಒಮ್ಮೆಯಾದರೂ ಫಿಟ್ಸ್ ಬಂದವರಿಗೆ ಕರ್ಪೂರ, ನೀಲಗಿರಿಗಳ ಬತ್ತಿಯನ್ನು ನಾನು ಎಂದೂ ಕೊಡುವುದಿಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ನರರೋಗ ತಜ್ಞರು ಈ ಎರಡರ ಬಳಕೆಯಿಂದ ಫಿಟ್ಸ್ ಬಂದ ಪ್ರಕರಣಗಳನ್ನು ದಾಖಲಿಸಿದ್ದಾರೆ. ಆಸ್ತಮಾ ಇರುವವರಿಗೆ ತೀಕ್ಷ್ಣ ವಾಸನೆಯೇ ಉಬ್ಬಸ ಎಬ್ಬಿಸಬಲ್ಲದು. ಚಿಕ್ಕ ಮಕ್ಕಳಿಗೆ ಕ್ಲಿಪ್ಪೇ ಬೇಡ: ಮೆಂಥಾಲ್ ಮತ್ತು ಕರ್ಪೂರ ಶಿಶುಗಳ ಉಸಿರಾಟಕ್ಕೆ ಅಪಾಯ, ಬಟ್ಟಲು ಕಳಚಿದರೆ ಗಂಟಲಿಗೆ ಹೋಗುವ ಭಯ ಬೇರೆ.

ಬತ್ತಿಯನ್ನು ದಿನವೂ ಬದಲಿಸಬೇಕು, ಬಟ್ಟಲನ್ನು ಸೋಪುನೀರಿನಲ್ಲಿ ತೊಳೆದು ಸ್ಪಿರಿಟ್ಟಿನಿಂದ ಒರೆಸಿ ಪೂರ್ತಿ ಒಣಗಿಸಬೇಕು, ನಮ್ಮ ಕರಾವಳಿಯ ತೇವದಲ್ಲಿ ಅರೆಒಣಗಿದ ವಸ್ತುವಿಗೆ ಬೂಷ್ಟು ಹಿಡಿಯಲು ಹೆಚ್ಚು ಹೊತ್ತು ಬೇಡ. ನಿಂಬೆ, ಲ್ಯಾವೆಂಡರ್ ತೈಲಗಳು ಗಾಳಿಗೆ ತೆರೆದುಕೊಂಡಂತೆ ಹಳಸಿ ಚರ್ಮಕ್ಕೆ ಅಲರ್ಜಿ ತರುವ ವಸ್ತುಗಳಾಗುವುದರಿಂದ, ಬಾಟಲಿ ತೆರೆದ ದಿನಾಂಕವನ್ನು ಮೇಲೆ ಬರೆದಿಡುತ್ತೇನೆ. ಯಾವಾಗಲೂ ಒಂದೇ ಹೊಳ್ಳೆ ಕಟ್ಟಿರುವವರಿಗೆ, ಸಿಂಬಳದಲ್ಲಿ ರಕ್ತ ಕಾಣುವವರಿಗೆ ಮಾತ್ರ ತಜ್ಞರಲ್ಲಿ ಎಂಡೋಸ್ಕೋಪಿ ಮಾಡಿಸಿ ವರದಿ ತರುವ ತನಕ ಯಾವ ತೈಲವನ್ನೂ ಕೊಡುವುದಿಲ್ಲ.