ಮೋರ್ಗೋನ್ ಸುಗ್ಗಿಯಲ್ಲಿ ಒಡೆಯದ ಹಣ್ಣಿನ ಕೆಲಸ

ಫ್ರಾನ್ಸಿನ ಲಿಯೋನ್ ನಗರದ ಉತ್ತರಕ್ಕಿರುವ ಬೋಜೊಲೇ ಸೀಮೆಯಲ್ಲಿ ದ್ರಾಕ್ಷಿ ಕೊಯ್ಲಿಗೆ ಸೇರಿದವರಿಗೆ ಮೊದಲು ಹೇಳುವುದು, ಗೊಂಚಲು ತೊಟ್ಟಿನ ಸಮೇತ ಇಡಿಯಾಗಿ ವೈನ್ ಹುಳಿಸುವ ತೊಟ್ಟಿ ಸೇರಬೇಕು ಎಂಬುದನ್ನು. ನಾನು ದುಡಿದದ್ದು ಅಲ್ಲಿನ ಹತ್ತು ಕ್ರೂಗಳಲ್ಲಿ, ಅಂದರೆ ತಮ್ಮ ಹೆಸರಿನಲ್ಲೇ ವೈನ್ ಮಾರುವ ಮೇಲ್ದರ್ಜೆಯ ಪ್ರದೇಶಗಳಲ್ಲಿ, ಒಂದಾದ ಮೋರ್ಗೋನ್‌ನಲ್ಲಿ, ಕೋತ್ ದ್ಯು ಪಿ ಗುಡ್ಡದ ತಪ್ಪಲಲ್ಲಿ. ದೊಡ್ಡಬಳ್ಳಾಪುರದ ಚಪ್ಪರಗಳಡಿ ಕೈ ಮೇಲೆತ್ತಿ ಬೆಂಗಳೂರು ನೀಲಿ ದ್ರಾಕ್ಷಿ ಕೊಯ್ದು ಬೆಳೆದ ನನಗೆ, ಮೊಣಕಾಲೆತ್ತರದ ಗಾಮೇ ತಳಿಯ ಬಳ್ಳಿಗಳ ಮುಂದೆ ದಿನವಿಡೀ ಬಾಗಿ ನಿಲ್ಲುವುದು ನಿಜಕ್ಕೂ ಕಷ್ಟವಾಯಿತು. ಗಾಮೇಯ ಗೊಂಚಲು ಬಿಗಿ, ಸಿಪ್ಪೆ ತೆಳು. ಆದ್ದರಿಂದ ಅಡಿಯ ಹಣ್ಣು ಜಜ್ಜದಂತೆ ಬುಟ್ಟಿಯನ್ನು ಅರ್ಧಕ್ಕೇ ಬರಿದು ಮಾಡುತ್ತಿದ್ದೆವು.

ಇಷ್ಟು ಜತನಕ್ಕೆ ಕಾರಣ ತೊಟ್ಟಿಯಲ್ಲಿದೆ. ತೊಟ್ಟಿಗೆ ಸುರಿದ ಹಣ್ಣಿನಲ್ಲಿ ತಳದವು ಮೇಲಿನವುಗಳ ಭಾರಕ್ಕೆ ಒಡೆದು ರಸ ಬಿಡುತ್ತವೆ, ಆ ರಸ ಹುಳಿಯತೊಡಗಿದಾಗ ಹೊರಡುವ ಇಂಗಾಲದ ಡೈಆಕ್ಸೈಡ್ ಇಡೀ ತೊಟ್ಟಿಯನ್ನು ತುಂಬಿ ಆಮ್ಲಜನಕವನ್ನು ಹೊರದೂಡುತ್ತದೆ, ಮತ್ತು ಉಸಿರಾಟಕ್ಕೆ ಗಾಳಿ ಸಿಗದ ಇಡೀ ಹಣ್ಣುಗಳು ಯೀಸ್ಟಿನ ನೆರವಿಲ್ಲದೆ ತಮ್ಮೊಳಗೇ ಸಕ್ಕರೆಯ ಒಂದು ಪಾಲನ್ನು ಆಲ್ಕೋಹಾಲಾಗಿಸಿಕೊಳ್ಳುತ್ತವೆ. ಹಣ್ಣಿನೊಳಗಿನ ಆಲ್ಕೋಹಾಲು ಸುಮಾರು 2 ಪ್ರತಿಶತಕ್ಕೆ ಬಂದಾಗ ಜೀವಕೋಶಗಳು ಸಾಯುತ್ತವೆ. ಅಷ್ಟರಲ್ಲಿ ಮ್ಯಾಲಿಕ್ ಆಮ್ಲ ತಗ್ಗಿ, ಸಿಪ್ಪೆಯ ಬಣ್ಣ ತಿರುಳಿಗೆ ಇಳಿದಿರುತ್ತದೆ. ಬೋಜೊಲೇ ವೈನಿನ ಹಣ್ಣುಹಣ್ಣಾದ ಪರಿಮಳ ಬಹುಮಟ್ಟಿಗೆ ಇಲ್ಲಿ ಹುಟ್ಟುತ್ತದೆ. ನವೆಂಬರಿನ ಮೂರನೇ ಗುರುವಾರ ಮಾರುಕಟ್ಟೆಗೆ ಬರುವ ನುವೊ ಎಂಬ ಹೊಸ ವೈನಿಗೆ ತೊಟ್ಟಿಯಲ್ಲಿ ಕೆಲವೇ ದಿನ ಸಾಕು. ಮೋರ್ಗೋನ್‌ಗೆ ಹೆಚ್ಚು ಕಾಲ ಬೇಕು. ಆ ದಿನಗಳಲ್ಲಿ ನನ್ನ ಪಾಲಿಗೆ ಬಂದದ್ದು ಬೆಳಿಗ್ಗೆ ಸಂಜೆ ರಸದ ಉಷ್ಣತೆಯನ್ನೂ ಸಾಂದ್ರತೆಯನ್ನೂ ಬರೆದಿಡುವ ಕೆಲಸ.

ತೊಟ್ಟಿ ಬರಿದು ಮಾಡುವುದು ಅಪಾಯದ ಕೆಲಸ. ಗಾಳಿಗಿಂತ ಭಾರವಾದ ಆ ಅನಿಲ ತಳದಲ್ಲೇ ನಿಂತಿರುತ್ತದೆ. ಫ್ಯಾನು ಸಾಕಷ್ಟು ಹೊತ್ತು ತಿರುಗಿ, ಅಳತೆಯ ಉಪಕರಣ ಒಪ್ಪಿಗೆ ಕೊಡುವವರೆಗೆ ಯಾರೂ ಒಳಗಿಳಿಯುವಂತಿರಲಿಲ್ಲ.

ಬೇರೆಡೆ ತಾನಾಗಿ ಹರಿದ ರಸಕ್ಕೇ ಹೆಚ್ಚು ಬೆಲೆ. ಇಲ್ಲಿ ಗಾಣದಿಂದ ಇಳಿಯುವುದೇ ಉತ್ತಮ, ಏಕೆಂದರೆ ಇಡೀ ಹಣ್ಣಿನೊಳಗೆ ಉಳಿದಿದ್ದ ಸಕ್ಕರೆ ಅದರಲ್ಲಿರುತ್ತದೆ. ಅರೆಹುಳಿದ ಆ ಸಿಹಿ ರಸಕ್ಕೆ ಅಲ್ಲಿನವರು ಪಾರಾದಿ ಎನ್ನುತ್ತಾರೆ, ಗಾಣದ ಬಳಿ ನಿಂತವರಿಗೆಲ್ಲ ಒಂದೊಂದು ಲೋಟ ಸಿಗುತ್ತದೆ. ಬಳಿಕ ಎರಡೂ ರಸಗಳನ್ನು ಬೆರೆಸಿ ಉಳಿದ ಸಕ್ಕರೆಯನ್ನು ಹುಳಿಯಲು ಬಿಡುತ್ತಾರೆ.

1395ರಲ್ಲಿ ಬರ್ಗಂಡಿಯ ಡ್ಯೂಕ್ ಫಿಲಿಪ್ ಗಾಮೇಯನ್ನು ಕೀಳು ತಳಿಯೆಂದು ಕಿತ್ತೊಗೆಯಲು ಆಜ್ಞೆ ಹೊರಡಿಸಿದ್ದ. ಬರ್ಗಂಡಿಯ ಸುಣ್ಣಕಲ್ಲಿನ ನೆಲದ ಮಟ್ಟಿಗೆ ಅವನ ಮಾತು ಸರಿಯಿರಬಹುದು; ಕೋತ್ ದ್ಯು ಪಿಯ ಶಿಥಿಲವಾಗಿ ಪುಡಿಯಾದ ನೀಲಿಗಲ್ಲಿನ ನೆಲದಲ್ಲಿ ಬೆಳೆದು ಐದಾರು ವರ್ಷ ಬಾಟಲಿಯಲ್ಲಿ ಪಳಗಿದ ಗಾಮೇಗೆ ಅದು ಸಲ್ಲದು ಎಂಬುದು ನನ್ನ ಅಭಿಪ್ರಾಯ.