ಗೂಟಿ ಕಟ್ಟಲು ಯಾವ ಮಡಚು ಚಾಕು? ಕುಷ್ಟಗಿ ತೋಟದಿಂದ ನನ್ನ ಅನುಭವ

ಮೊದಲೇ ಹೇಳಿಬಿಡುತ್ತೇನೆ. ದಾಳಿಂಬೆಯಲ್ಲಿ ಗೂಟಿ ಕಟ್ಟಲು, ಅಂದರೆ ಗಿಡದ ಮೇಲಿರುವ ಕೊಂಬೆಗೇ ತೊಗಟೆ ತೆಗೆದು, ಒದ್ದೆ ನಾರಿನ ಪುಡಿ ಕಟ್ಟಿ ಬೇರು ಬರಿಸಲು, ನನ್ನ ಕೈಗೆ ಒಗ್ಗಿದ್ದು ಫ್ರಾನ್ಸಿನ ಒಪಿನೆಲ್ ಕಂಪನಿಯ ಹತ್ತನೇ ನಂಬರ್. ಕಟ್ಟಿಗೆ ಹಿಡಿಕೆ, ಕಾರ್ಬನ್ ಉಕ್ಕಿನ ಅಲಗು. ಬಕ್ 110 ಅಲ್ಲ. ಎರಡೂ ನನ್ನ ಹತ್ತಿರ ಇವೆ. ಎರಡನ್ನೂ ಮೂರ್ನಾಲ್ಕು ಮಳೆಗಾಲ ತೋಟದಲ್ಲೇ ದುಡಿಸಿದ್ದೇನೆ. ತುಕ್ಕು ಹಿಡಿಯುವ ಚಾಕಿಗೆ ಸುಮ್ನೆ ದುಡ್ಡು ಹಾಕಿದ ಎಂದವರು ನಮ್ಮ ಕುಷ್ಟಗಿ ಸುತ್ತ ಬಹಳ ಜನ. ಅವರಲ್ಲಿ ಇಬ್ಬರು ಈಗ ಅದನ್ನೇ ತರಿಸಿಕೊಂಡಿದ್ದಾರೆ.

ಬಕ್ ತಗೊಳ್ಳೋಕೆ ಕಾರಣ ಇತ್ತು. 1964ರಿಂದ ನಡೆದು ಬಂದ ಅಮೆರಿಕದ ಚಾಕು, ಹಿತ್ತಾಳೆ ತಲೆ, ಬೆನ್ನಿನ ಕಡೆ ಗಟ್ಟಿ ಲಾಕ್, 420ಎಚ್‌ಸಿ ಸ್ಟೇನ್‌ಲೆಸ್ ಅಲಗು. ಆಸೆಪಟ್ಟು ಮೊದಲು ಆನ್‌ಲೈನ್‌ನಲ್ಲಿ ಒಬ್ಬರ ಹತ್ತಿರ ಮೂರು ಸಾವಿರ ಚಿಲ್ಲರೆಗೆ ತರಿಸಿದೆ. ಬಂದದ್ದು ನಕಲಿ. ಹಿತ್ತಾಳೆಯ ಬಣ್ಣ ಮೊದಲ ವಾರವೇ ಎದ್ದು ಬಂತು, ಲಾಕ್ ಗಡಗಡ ಅಲ್ಲಾಡುತ್ತಿತ್ತು. ಆ ಹಣ ಹೋಯಿತು. ಆಮೇಲೆ ಅಸಲಿ ಬಂತು, ಎಂಟು ಸಾವಿರದ ಆಸುಪಾಸು. ಒಪಿನೆಲ್‌ಗೆ ಕೊಟ್ಟದ್ದು ಸಾವಿರದ ಎಂಟುನೂರೋ ಎರಡು ಸಾವಿರವೋ ಇರಬೇಕು.

ಅಲಗಿನ ಉದ್ದದಲ್ಲಿ ಎರಡಕ್ಕೂ ಹೆಚ್ಚು ವ್ಯತ್ಯಾಸ ಇಲ್ಲ. ಬಕ್ ಒಂಬತ್ತೂವರೆ ಸೆಂ.ಮೀ., ಒಪಿನೆಲ್ 10 ಸೆಂ.ಮೀ. ತೂಕದಲ್ಲಿ ಮಾತ್ರ ಅಜಗಜಾಂತರ. ಬಕ್ 200 ಗ್ರಾಂ, ಒಪಿನೆಲ್ 75 ಗ್ರಾಂ ಒಳಗೆ. ಬಕ್‌ನ ಬೆನ್ನು 3 ಮಿ.ಮೀ. ದಪ್ಪ, ಒಪಿನೆಲ್‌ದು ಅದಕ್ಕಿಂತ ಬಹಳ ತೆಳು.

ಗೂಟಿ ಕಟ್ಟುವವರಿಗೆ ಈ ತೂಕದ ಮಹತ್ವ ಗೊತ್ತು. ಪೆನ್ಸಿಲ್ ದಪ್ಪದ ಕೊಂಬೆಯ ಮೇಲೆ ಒಂದು ಇಂಚು ಅಂತರದಲ್ಲಿ ಎರಡು ಸುತ್ತು ಕೊಯ್ದು ತೊಗಟೆ ತೆಗೆಯಬೇಕು. ತೊಗಟೆ ಪೂರ್ತಿ ಬರಬೇಕು, ಒಳಗಿನ ಕಟ್ಟಿಗೆಗೆ ಗಾಯ ಆಗಬಾರದು. ಬಕ್ ಹಿಡಿದರೆ ಅದರ ಭಾರವೇ ಕೈಯನ್ನು ಒತ್ತುತ್ತದೆ. ಬೆಳಗ್ಗೆ ಸರಿಯಾಗಿ ಕೊಯ್ದ ಕೈ ಮಧ್ಯಾಹ್ನದ ಹೊತ್ತಿಗೆ ಸೋತು, ಗಾಯ ಕಟ್ಟಿಗೆಯೊಳಗೆ ಇಳಿಯುತ್ತಿತ್ತು. ಕಟ್ಟುವಾಗ ಗೊತ್ತಾಗುವುದಿಲ್ಲ. ಆಷಾಢದ ಗಾಳಿ ಎದ್ದಾಗ ಕಾಣುತ್ತದೆ. ನಮ್ಮ ಕಡೆ ಆ ಗಾಳಿ ಹೇಗೆ ಬೀಸುತ್ತದೆ ಎಂದು ನಿಮಗೆ ಹೇಳಬೇಕಿಲ್ಲ ಅಲ್ವಾ. ಒದ್ದೆ ತೆಂಗಿನ ನಾರಿನ ಪುಡಿ ತುಂಬಿದ ಪ್ಲಾಸ್ಟಿಕ್ ಕಟ್ಟು ಜೋತು ಬಿದ್ದು, ಕೊಯ್ದ ಜಾಗದಲ್ಲೇ ಕೊಂಬೆ ಮುರಿಯುತ್ತಿತ್ತು. ಮೊದಲ ವರ್ಷ ನೂರಕ್ಕೆ ಇಪ್ಪತ್ತರಷ್ಟು ಹೀಗೇ ಹೋದವು. ಉಳಿದವುಗಳಲ್ಲೂ ಬೇರು ಬಂದದ್ದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ಒಪಿನೆಲ್ ಹಿಡಿದ ಮೇಲೆ ಈ ಕಾಟ ತಪ್ಪಿತು. ತೆಳು ಅಲಗು ತೊಗಟೆ ಮುಗಿದು ಕಟ್ಟಿಗೆ ತಾಗಿದ್ದನ್ನು ಬೆರಳಿಗೆ ತಿಳಿಸುತ್ತದೆ. ತೊಗಟೆ ತೆಗೆದ ಮೇಲೆ ಜಿಗುಟು ಪೊರೆ ಒಂದು ಉಳಿಯುತ್ತದೆ. ಅದನ್ನು ಕೆರೆಯದೆ ಬಿಟ್ಟರೆ ತೊಗಟೆ ಮತ್ತೆ ಕೂಡಿಕೊಳ್ಳುತ್ತದೆ, ಬೇರು ಬರುವುದಿಲ್ಲ. ಅದಕ್ಕೆ ನಾನು ಚಾಕಿನ ಬೆನ್ನನ್ನೇ ಬಳಸುತ್ತೇನೆ. ಬೆನ್ನಿನ ಒಂದು ಭಾಗಕ್ಕೆ ಬೇರೆ ರೀತಿ ಸಾಣೆ ಕೊಟ್ಟಿದ್ದೇನೆ. ಅದು ಹೇಗೆ ಎಂಬುದನ್ನು ತೋಟಕ್ಕೆ ಬಂದವರಿಗೆ ತೋರಿಸುತ್ತೇನೆ, ಇಲ್ಲಿ ಬರೆಯುವುದಿಲ್ಲ.

ಇನ್ನು ತುಕ್ಕಿನ ಮಾತು. ಪಕ್ಕದ ತೋಟದ ಕಾಕಾ ಚಾಕು ನೋಡಿದ ದಿನವೇ ಹೇಳಿದ್ದರು: "ತಮ್ಮಾ, ಇದು ಮಳಿಗೆ ನಿಲ್ಲಂಗಿಲ್ಲ. ಕಟ್ಟಿಗಿ ಉಬ್ಬತೈತಿ, ಕಬ್ಬಿಣ ಕೆಂಪಾಗತೈತಿ." ಅವರ ಮಾತಲ್ಲಿ ಸುಳ್ಳಿರಲಿಲ್ಲ. ಆ ಉಕ್ಕಿನಲ್ಲಿ ಕ್ರೋಮಿಯಂ ರಕ್ಷಣೆ ಇಲ್ಲ. ಆದರೆ ನಮ್ಮಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿ.ಮೀ. ಆಸುಪಾಸು. ಮಲೆನಾಡಿನ ಲೆಕ್ಕ ಇಲ್ಲಿಗೆ ಹಾಕಬಾರದು. ನನ್ನ ಅಲಗನ್ನು ನಿಜಕ್ಕೂ ಕಾಡಿದ್ದು ಮಳೆಯಲ್ಲ, ಬ್ಲೀಚಿಂಗ್ ನೀರು.

ದುಂಡಾಣು ಅಂಗಮಾರಿ ಬಂದ ಮೇಲೆ ಗಿಡದಿಂದ ಗಿಡಕ್ಕೆ ಹೋಗುವಾಗ ಕಟರ್ ಅದ್ದಿ ತೆಗೆಯುವುದು ನಮಗೆಲ್ಲ ರೂಢಿ. ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ. ಅದೇ ಡಬ್ಬಿಗೆ ಈ ಚಾಕನ್ನೂ ಅದ್ದುತ್ತಿದ್ದೆ. ಸಂಜೆಯೊಳಗೆ ಕಿತ್ತಳೆ ಬಣ್ಣ, ಎರಡು ದಿನದಲ್ಲಿ ಅಂಚಿನ ತುಂಬ ಸಣ್ಣ ಗುಳಿ. ಆ ಗುಳಿ ತೆಗೆಯಲು ಸಾವಿರ ಗ್ರಿಟ್‌ನ ಕಲ್ಲಿನ ಮೇಲೆ ತಾಸುಗಟ್ಟಲೆ ಉಜ್ಜಬೇಕಾಯಿತು. ಸ್ಟೇನ್‌ಲೆಸ್‌ಗೆ ಏನೂ ಆಗುವುದಿಲ್ಲ ಎಂದುಕೊಳ್ಳಬೇಡಿ. ಕ್ಲೋರಿನ್ ಅದನ್ನೂ ತಿನ್ನುತ್ತದೆ, ಸ್ವಲ್ಪ ನಿಧಾನವಾಗಿ. ಈಗ ಕಟರ್‌ಗಳಿಗೆ ಮಾತ್ರ ಆ ಡಬ್ಬಿ. ಚಾಕಿಗೆ 70% ಸ್ಪಿರಿಟ್. ಬಟ್ಟೆಗೆ ಸುರಿದು ಒರೆಸಿ, ಆರಲು ಬಿಟ್ಟು ಮುಂದಿನ ಗಿಡಕ್ಕೆ. ಖರ್ಚು ದಿನಕ್ಕೆ ಮೂವತ್ತು ನಲವತ್ತು ರೂಪಾಯಿ. ಬೀಡಿ ಸೇದುವವರ ಕೈಗೆ ಆ ಬಾಟಲಿ ಕೊಡಬೇಡಿ.

ಇನ್ನೊಂದು ತೊಂದರೆ ಕಪ್ಪು ಕಲೆ. ದಾಳಿಂಬೆ ತೊಗಟೆಯಲ್ಲಿ ಒಗರು ಜಾಸ್ತಿ. ಹೊಸ ಕಾರ್ಬನ್ ಅಲಗು ತಾಗಿದ ಕಡೆ ಕೊಂಬೆಯೂ ಅಲಗೂ ನೀಲಿಗಪ್ಪು ಆಗುತ್ತವೆ. ಆ ಒಗರನ್ನೇ ಉಪಯೋಗಕ್ಕೆ ತಂದರೆ ಹೇಗೆ ಎಂದು ಒಂದು ಪ್ರಯೋಗ ಮಾಡಿದೆ. ಒಡೆದು ಬಿಸಾಡುವ ಕಾಯಿಗಳ ಸಿಪ್ಪೆ ಕುದಿಸಿ, ದಪ್ಪ ಕಷಾಯ ಮಾಡಿ, ಆರಿಸಿ, ಅಲಗನ್ನು ಅದರಲ್ಲಿ ನಿಲ್ಲಿಸಿದೆ. ಅದಕ್ಕೂ ಮುಂಚೆ ಹುಣಸೆ ರಸದಲ್ಲಿ ಇಟ್ಟು ನೋಡಿದ್ದೆ. ಅದು ತೀರಾ ಹುಳಿ, ಕಪ್ಪು ಮಚ್ಚೆ ಮಚ್ಚೆಯಾಗಿ ಬಂತು. ಈರುಳ್ಳಿಯೂ ನೋಡಿದೆ, ಮನೆ ತುಂಬ ವಾಸನೆ ಆಗಿ ಬೈಸಿಕೊಂಡೆ. ಸಿಪ್ಪೆ ಕಷಾಯದಲ್ಲಿ ಮಾತ್ರ ಅಲಗು ಒಂದೇ ಸಮ ಕಪ್ಪಾಯಿತು. ತೊಳೆದು ಒರೆಸಿ ತೆಳುವಾಗಿ ಎಣ್ಣೆ ಸವರಿದೆ. ಆ ಕಪ್ಪು ಪದರ ಬಂದ ಮೇಲೆ ಕೆಂಪು ತುಕ್ಕು ತೀರಾ ಕಡಿಮೆ, ಕೊಂಬೆಯ ಮೇಲೆ ಕಲೆಯೂ ಇಲ್ಲದಷ್ಟು. ಕಷಾಯದಲ್ಲಿ ಎಷ್ಟು ಹೊತ್ತು ಇಡುತ್ತೇನೆ, ಜೊತೆಗೆ ಏನು ಹಾಕುತ್ತೇನೆ ಎಂಬುದು ನನ್ನ ಹತ್ತಿರವೇ ಇರಲಿ.

ಹಿಡಿಕೆಗೆ ಅಗಸೆ ಎಣ್ಣೆ. ಕಂಪನಿಯಿಂದ ಬಂದ ವಾರ್ನಿಷ್ ಮೇಲೆ ಸ್ಪಿರಿಟ್ ತಾಗಿದರೆ ಮಂಕಾಗುತ್ತದೆ. ಅದಕ್ಕೆ ಮರಳು ಕಾಗದದಿಂದ ಪೂರ್ತಿ ತೆಗೆದು, ನಾಲ್ಕೈದು ದಿನ ಎಣ್ಣೆ ಕುಡಿಸಿದೆ. ಶೇಂಗಾ ಎಣ್ಣೆ ಬೇಡ, ಅಂಟಂಟಾಗುತ್ತದೆ. ಅಗಸೆ ಎಣ್ಣೆ ಗಾಳಿಗೆ ಒಣಗಿ ಗಟ್ಟಿಯಾಗುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಅದು ತಾನಾಗಿಯೇ ಕಾದು ಬೆಂಕಿ ಹತ್ತಬಹುದು, ಅದರಲ್ಲೂ ನಮ್ಮ 42 ಡಿಗ್ರಿ ಬಿಸಿಲಲ್ಲಿ. ಹರವಿ ಒಣಗಿಸಿ. ನಮ್ಮಲ್ಲಿ ಹಿಡಿಕೆ ಉಬ್ಬುವ ಸಮಸ್ಯೆಗಿಂತ ಏಪ್ರಿಲ್ ಮೇ ತಿಂಗಳಲ್ಲಿ ಒಣಗಿ ಸಡಿಲಾಗುವ ಸಮಸ್ಯೆಯೇ ದೊಡ್ಡದು. ಎಣ್ಣೆ ಕುಡಿದ ಮೇಲೆ ಎರಡೂ ಹತೋಟಿಗೆ ಬಂದವು. ಲಾಕ್ ಬಗ್ಗೆ ಚಿಂತೆ ಇಲ್ಲ. 1955ರಿಂದ ಬಂದ ಆ ತಿರುಗಿಸುವ ಉಕ್ಕಿನ ಉಂಗುರ ಮಣ್ಣು ಹೊಕ್ಕರೂ ಒರೆಸಿದರೆ ಸಾಕು. ಬಕ್‌ನ ಲಾಕ್ ಸಂದಿಯ ಮಣ್ಣು ತೆಗೆಯಲು ಸೂಜಿ ಬೇಕು.

ಬಸ್ಸಲ್ಲಿ ಒಯ್ಯುವ ಬಗ್ಗೆ ಬಹಳ ಜನ ಕೇಳುತ್ತಾರೆ. ಶಸ್ತ್ರಾಸ್ತ್ರ ನಿಯಮಗಳು ಹೇಳುವುದು ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲದ ಅಲಗಿನ ಮಾತು. ಅದರಲ್ಲೂ ಮನೆ, ಕೃಷಿ ಕೆಲಸಕ್ಕೆ ಮಾಡಿದವುಗಳಿಗೆ ವಿನಾಯಿತಿ ಇದೆ. ಇವೆರಡೂ ನಾಲ್ಕು ಇಂಚಿನ ಆಸುಪಾಸು. ಆದರೂ ನಾನು ಕಿಸೆಯಲ್ಲಿ ಇಟ್ಟುಕೊಳ್ಳುವುದಿಲ್ಲ, ಕಟರ್ ಚೀಲದಲ್ಲಿ ಹಾಕುತ್ತೇನೆ.

ಕಳೆದ ಮಳೆಗಾಲದಲ್ಲಿ ಆರಿದ್ರಾ ಮಳೆಯಿಂದ ಶುರು ಮಾಡಿ ಸಾವಿರದ ಹತ್ತಿರ ಗೂಟಿ ಕಟ್ಟಿದೆವು. ಎಲ್ಲ ಭಗ್ವಾ ತಳಿ. ನೂರಕ್ಕೆ ಎಂಬತ್ತರಷ್ಟು ಬೇರು ಬಂದವು, ಗಾಳಿಗೆ ಮುರಿದವು ಕೈಬೆರಳೆಣಿಕೆ. ಬೇರು ಬರಿಸಲು ಹಚ್ಚುವ ಹಾರ್ಮೋನು ಹಿಂದಿನದೇ, ನಾರಿನ ಪುಡಿ ಹಿಂದಿನದೇ, ಬದಲಾದದ್ದು ಚಾಕು ಮತ್ತು ಕೊಯ್ಯುವ ಕೈ. ಮೂವತ್ತು ರೂಪಾಯಿಗೆ ಒಂದರಂತೆ ಮಾರಿ, ಸ್ವಂತಕ್ಕೆ ಇನ್ನೂರು ಇಟ್ಟುಕೊಂಡೆ. ಎರಡೂ ಚಾಕಿನ ದುಡ್ಡು, ಆ ನಕಲಿಯದ್ದೂ ಸೇರಿ, ಒಂದೇ ವರ್ಷದಲ್ಲಿ ಬಂತು.

ಬಕ್ ಅನ್ನು ಮಾರಿಲ್ಲ. ಡ್ರಿಪ್ ಪೈಪು, ಕ್ರೇಟಿನ ಹಗ್ಗ, ಮಲ್ಚಿಂಗ್ ಹಾಳೆ, ಗೊಬ್ಬರದ ಚೀಲ, ಇವಕ್ಕೆ ಅದೇ. ಅಲ್ಲಿ ಭಾರ ಒಳ್ಳೆಯದು. ಕೂಲಿಯವರ ಕೈಗೆ ಕಾರ್ಬನ್ ಅಲಗು ಕೊಟ್ಟರೆ ಒರೆಸದೆ ಇಡುತ್ತಾರೆ. ಅದಕ್ಕೆ ಈ ಸಲ ಅವರಿಗೆ ಒಪಿನೆಲ್‌ನದ್ದೇ ಸ್ಟೇನ್‌ಲೆಸ್ ಹತ್ತನೇ ನಂಬರ್ ಎರಡು ತರಿಸಿದ್ದೇನೆ. ಅಲಗು ಅಷ್ಟೇ ತೆಳು, ಉಕ್ಕು ಬೇರೆ. ಅರ್ಧ ಗಿಡ ಅವರ ಚಾಕಿನಲ್ಲಿ, ಅರ್ಧ ನನ್ನದರಲ್ಲಿ ಕಟ್ಟಿ, ಬಣ್ಣದ ದಾರದಿಂದ ಗುರುತು ಮಾಡಿ ನೋಡಬೇಕು.