ಮಂಡಕ್ಕಿ ಭಟ್ಟಿಯ ಎಂಟು ಕ್ಯಾಮೆರಾ

ದಾವಣಗೆರೆಯಲ್ಲಿ ನಮ್ಮದೊಂದು ಮಂಡಕ್ಕಿ ಭಟ್ಟಿ. ಹಿಂದುಗಡೆ ಭತ್ತದ ಗೋದಾಮು, ಮುಂದೆ ಗಲ್ಲಾ ಇಟ್ಟಿರುವ ಚಿಕ್ಕ ಕೋಣೆ. ಎಂಟು ಐಪಿ ಕ್ಯಾಮೆರಾ, 2 ಟಿಬಿ ಹಾರ್ಡ್‌ಡಿಸ್ಕ್. ಹಾಕಿಸಿದ ದಿನ ಟಿವಿಯಲ್ಲಿ ನೋಡಿದ ಅಪ್ಪಾಜಿ "ಏ, ಸಿನಿಮಾ ಕಂಡಂಗ ಕಾಣ್ತೈತಲ್ಲೋ" ಅಂದಿದ್ದರು. ಆಮೇಲೆ ಒಂದು ವರ್ಷ ಅದರ ಕಡೆ ಯಾರೂ ತಿರುಗಿ ನೋಡಲಿಲ್ಲ.

ಭತ್ತದ ಲಾರಿಯದೊಂದು ತಕರಾರು ಬಂದಾಗ ನೋಡಲೇಬೇಕಾಯಿತು. 120 ಚೀಲ ಇಳಿಸಿದ್ದೇನೆ ಅಂತ ಡ್ರೈವರ್, ನಮ್ಮ ಪುಸ್ತಕದಲ್ಲಿ 114. ಮಾತು ಎದ್ದಿದ್ದೇ ಒಂಬತ್ತನೇ ದಿನ. "ಕ್ಯಾಮೆರಾ ಐತಲ್ರೀ ಸಾವ್ಕಾರ್ರೆ, ನೋಡಿಬಿಡ್ರಿ" ಅಂದವನೂ ಅವನೇ. ತೆಗೆದರೆ ಐದು ದಿನಕ್ಕಿಂತ ಹಿಂದಿನದು ಒಂದೂ ಇಲ್ಲ. ಆರು ಚೀಲದ ದುಡ್ಡನ್ನು ಅರ್ಧರ್ಧ ಮಾಡಿಕೊಂಡೆವು. ಅದಾದ ಸ್ವಲ್ಪ ದಿನಕ್ಕೆ ಸಂಜೆ ಕತ್ತಲಲ್ಲಿ ಒಂದು ಲಗೇಜ್ ಆಟೋ ನಮ್ಮ ಎರಡು ಚೀಲ ಹೇರಿಕೊಂಡು ಹೋಯಿತು. ಈ ಸಲ ರೆಕಾರ್ಡಿಂಗ್ ಇತ್ತು. ಆಟೋ ಕಾಣುತ್ತೆ, ಹುಡುಗನ ಬೆನ್ನು ಕಾಣುತ್ತೆ, ನಂಬರ್ ಪ್ಲೇಟ್ ಇರುವ ಜಾಗದಲ್ಲಿ ಸುಣ್ಣ ಬಳಿದಂತೆ ಒಂದು ಬಿಳಿ ಮಚ್ಚೆ.

ಕ್ಯಾಮೆರಾ ಹಾಕಿದ ಹುಡುಗನಿಗೆ ಫೋನ್ ಮಾಡಿದೆ. "ಎಲ್ಲಾ ಫುಲ್ ಕ್ವಾಲಿಟಿಗೇ ಇಟ್ಟೀನಣ್ಣ. ಇನ್ನೊಂದು 4 ಟಿಬಿ ಡಿಸ್ಕ್ ಹಾಕಿಸಿಬಿಡ್ರಿ" ಅಂದ. ಡಿಸ್ಕ್ ತರೋ ಮೊದಲು ಇದು ಹೆಂಗೆ ಖರ್ಚಾಗುತ್ತಿದೆ ನೋಡೋಣ ಅಂತ ಒಂದು ಭಾನುವಾರ ರೆಕಾರ್ಡಿಂಗ್ ಪೆಟ್ಟಿಗೆ, ಅಂದರೆ ಡಿವಿಆರ್ ಮುಂದೆ ಕೂತೆ. ಐಪಿ ಕ್ಯಾಮೆರಾದ್ದಕ್ಕೆ ಎನ್‌ವಿಆರ್ ಅನ್ನಬೇಕಂತೆ. ನಮ್ಮ ಕಡೆ ಎಲ್ಲವೂ ಡಿವಿಆರೇ.

ಲೆಕ್ಕ ಭತ್ತದ ಲೆಕ್ಕಕ್ಕಿಂತ ಸುಲಭ. ಸೆಕೆಂಡಿಗೆ 1 ಮೆಗಾಬಿಟ್‌ನಂತೆ ಬರುವ ವಿಡಿಯೋ ದಿನಕ್ಕೆ 10.8 ಜಿಬಿ ತಿನ್ನುತ್ತೆ. ನಮ್ಮಲ್ಲಿ ಎಂಟಕ್ಕೂ 4 ಮೆಗಾಬಿಟ್, ಅದೂ ಕಾನ್‌ಸ್ಟಂಟ್ ಬಿಟ್‌ರೇಟ್. ಗೋದಾಮಿಗೆ ಬೀಗ ಹಾಕಿ ಕತ್ತಲಾಗಿದ್ದರೂ ಅಷ್ಟೇ, ಲಾರಿ ಇಳಿಯುತ್ತಿದ್ದರೂ ಅಷ್ಟೇ. ಒಟ್ಟು ದಿನಕ್ಕೆ 345 ಜಿಬಿ ಚಿಲ್ಲರೆ. 2 ಟಿಬಿಗೆ ಆರು ದಿನವೂ ತುಂಬಲ್ಲ. ಫುಲ್ ಕ್ವಾಲಿಟಿ ಅಂದರೆ ಬೀಗ ಹಾಕಿದ ಗೋದಾಮಿನ ಗೋಡೆಯನ್ನು ಸೆಕೆಂಡಿಗೆ 30 ಸಲ ಬರೆದಿಡೋದು.

30 ಯಾಕೆ ಬಂತು ಅನ್ನೋದೂ ಆಗಲೇ ಗೊತ್ತಾಗಿದ್ದು. ಕ್ಯಾಮೆರಾ 60 ಹರ್ಟ್ಸ್ ಸೆಟ್ಟಿಂಗಿನಲ್ಲಿತ್ತು, ಅದರ ಅರ್ಧ 30. ನಮ್ಮ ಕರೆಂಟು 50 ಹರ್ಟ್ಸ್. ಗಲ್ಲಾ ಕೋಣೆಯ ಟ್ಯೂಬ್‌ಲೈಟಿನಡಿ ಚಿತ್ರದ ಮೇಲೆ ಕಪ್ಪು ಪಟ್ಟೆ ಮೆಲ್ಲಗೆ ಏರುತ್ತಾ ಹೋಗೋದು ಅದಕ್ಕೇ. ವೋಲ್ಟೇಜಿನ ದೋಷ ಅಂತ ಸ್ಟೆಬಿಲೈಜರ್ ಬೇರೆ ತಂದಿದ್ದೆ, ಅದು ಇವತ್ತಿಗೂ ಅಟ್ಟದ ಮೇಲಿದೆ. 50ಕ್ಕೆ ಬದಲಿಸಿದ ತಕ್ಷಣ ಪಟ್ಟೆ ಮಾಯ, ಸೆಕೆಂಡಿಗೆ ಎಷ್ಟು ಚಿತ್ರ ಅನ್ನೋ ಫ್ರೇಮ್ ಮಿತಿಯೂ 25ಕ್ಕೆ ಇಳಿಯಿತು.

ಆಮೇಲೆ ಒಂದು ಹಳೇ ವಹಿ ತಗೊಂಡು ಒಂದೊಂದು ಕ್ಯಾಮೆರಾಗೂ ಒಂದೊಂದು ಸಾಲು ಬರೆದೆ: ನಾಳೆ ಜಗಳ ಬಂದರೆ ಇದನ್ನು ಏನು ಕೇಳ್ತೀನಿ? ಗೇಟಿನದಕ್ಕೆ, ಯಾವ ಗಾಡಿ. ಅಂಗಳದ್ದಕ್ಕೆ, ಎಷ್ಟು ಚೀಲ. ಗಲ್ಲಾದ್ದಕ್ಕೆ, ಯಾವ ನೋಟು, ಯಾರ ಕೈ. ಗೋದಾಮಿನ ಎರಡಕ್ಕೆ, ಒಳಗೆ ಯಾರಾದರೂ ಬಂದರಾ. ಭಟ್ಟಿ ಮುಂದಿನ ಎರಡಕ್ಕೆ, ಬೆಂಕಿ ಆರಿದೆಯಾ, ಆಳು ಇದ್ದಾನಾ. ರಸ್ತೆ ಕಡೆಯದಕ್ಕೆ ಕೇಳೋದು ಏನೂ ಹೊಳೆಯಲಿಲ್ಲ. ಹಾಗೇ ಬಿಟ್ಟೆ.

ಚೀಲ ಎಣಿಸೋಕೆ 25 ಫ್ರೇಮ್ ಬೇಕಾ? ಒಬ್ಬ ಹಮಾಲ ಚೀಲ ಹೊತ್ತು ಕ್ಯಾಮೆರಾದ ಮುಂದೆ ದಾಟೋಕೆ ಮೂರು ನಾಲ್ಕು ಸೆಕೆಂಡ್. 8 ಫ್ರೇಮ್ ಇಟ್ಟರೂ ಒಂದು ಚೀಲಕ್ಕೆ ಇಪ್ಪತ್ತೈದು ಮೂವತ್ತು ಚಿತ್ರ ಸಿಗುತ್ತೆ. ಧೈರ್ಯ ಸಾಲದೆ ಅಂಗಳಕ್ಕೆ 12 ಇಟ್ಟೆ. ನೋಟು ಎಣಿಸುವ ಬೆರಳು ಚುರುಕು, ಅಲ್ಲಿಗೆ 15. ಗೋದಾಮು, ಭಟ್ಟಿ, ರಸ್ತೆಗೆ 8. ಇಲ್ಲೊಂದು ಎಡವಟ್ಟು ಮಾಡಿಕೊಂಡೆ. ವಿಡಿಯೋದಲ್ಲಿ ಪ್ರತಿ ಫ್ರೇಮೂ ಪೂರ್ತಿ ಚಿತ್ರವಲ್ಲ. ಆಗೊಂದು ಈಗೊಂದು ಪೂರ್ತಿ, ನಡುವಿನವೆಲ್ಲ ಬದಲಾದಷ್ಟೇ. ಐ-ಫ್ರೇಮ್ ಇಂಟರ್ವಲ್ ಅಂತ ಇರೋದು ಅದೇ. 25 ಫ್ರೇಮಿಗೆ 50 ಅಂದರೆ ಎರಡು ಸೆಕೆಂಡಿಗೊಂದು. ನಾನು ಫ್ರೇಮ್ ಇಳಿಸಿ ಅದನ್ನು 50ರಲ್ಲೇ ಮರೆತೆ. 8 ಫ್ರೇಮಿನಲ್ಲಿ ಅದು ಆರು ಸೆಕೆಂಡ್ ದಾಟುತ್ತೆ. ಹಿಂದೆ ಮುಂದೆ ಎಳೆದು ನೋಡುವಾಗ ಚಿತ್ರ ಕಪ್ಪೆಯಂತೆ ಹಾರುತ್ತಿತ್ತು. 16ಕ್ಕೆ ಇಳಿಸಿದ ಮೇಲೆ ಸರಿಹೋಯಿತು.

ಬಿಟ್‌ರೇಟನ್ನು ವೇರಿಯಬಲ್‌ಗೆ, ಅಂದರೆ ಚಿತ್ರ ಅಲ್ಲಾಡಿದಷ್ಟೇ ಖರ್ಚಾಗುವಂತೆ ಹಾಕಿ ಮೇಲ್ಮಿತಿ ಕಟ್ಟಿದೆ: ಗೇಟಿಗೆ 3 ಮೆಗಾಬಿಟ್, ಅಂಗಳ, ಗಲ್ಲಾಕ್ಕೆ ಎರಡೆರಡು, ಮಿಕ್ಕ ಐದಕ್ಕೆ ಒಂದೊಂದು. ಕೂಡಿದರೆ 12, ದಿನಕ್ಕೆ 130 ಜಿಬಿ, ಅಂದರೆ 15 ದಿನ. ವಿಡಿಯೋ ಕುಗ್ಗಿಸುವ ಪದ್ಧತಿ ಎಚ್.264 ಇದ್ದಿದ್ದನ್ನು ಎಚ್.265 ಮಾಡಿದ್ದರಿಂದಲೇ ಇಷ್ಟು ಇಳಿಸೋಕೆ ಧೈರ್ಯ ಬಂತು. 2013ರಲ್ಲಿ ಬಂದ ಈ ಪದ್ಧತಿಗೆ ಅದೇ ಚಿತ್ರ ಹಿಡಿಯೋಕೆ ಸುಮಾರು ಅರ್ಧ ಬಿಟ್ ಸಾಕು. ತೊಂದರೆ ಅಂದರೆ ಪೆನ್‌ಡ್ರೈವಿಗೆ ಇಳಿಸಿದ ವಿಡಿಯೋ ಮನೆಯ ಹಳೇ ಲ್ಯಾಪ್‌ಟಾಪಿನಲ್ಲಿ ಓಡಲ್ಲ, ಮುಗ್ಗರಿಸುತ್ತೆ.

ಭಟ್ಟಿ ಮುಂದಿನ ಎರಡು ಮಾತ್ರ ಬಗ್ಗಲಿಲ್ಲ. ಹಗಲು ಅರ್ಧ ಮೆಗಾಬಿಟ್‌ಗೆ ಇಳಿಯುವವು ರಾತ್ರಿ ಮಿತಿ ಮುಟ್ಟಿ ಅಲ್ಲೇ ನಿಂತುಬಿಡೋವು. ರಾತ್ರಿ ಅಲ್ಲಿ ನರಪಿಳ್ಳೆ ಇರಲ್ಲ. ಚಿತ್ರ ದೊಡ್ಡದು ಮಾಡಿ ನೋಡಿದರೆ ಗೊತ್ತಾಯಿತು: ಹೊಟ್ಟಿನ ಬೂದಿ. ಕ್ಯಾಮೆರಾದ ಇನ್‌ಫ್ರಾರೆಡ್ ಬೆಳಕು, ನಮ್ಮ ಕಣ್ಣಿಗೆ ಕಾಣದ್ದು, ಬಿದ್ದು ಗಾಳಿಯಲ್ಲಿರುವ ಒಂದೊಂದು ಕಣವೂ ಮಿಣುಕು ಹುಳದಂತೆ ಹಾರಾಡುತ್ತೆ. ಅದರ ಮೇಲೆ ಕತ್ತಲಿನ ಚುಕ್ಕಿ ಚುಕ್ಕಿ ನಾಯ್ಸ್. ಅಲ್ಲಾಡುವುದನ್ನೆಲ್ಲ ಬರೆದಿಡಬೇಕು ಅನ್ನೋದಷ್ಟೇ ಆ ಯಂತ್ರಕ್ಕೆ ಗೊತ್ತು. ಬೂದಿ ಯಾವುದು ಕಳ್ಳ ಯಾರು ಅಂತ ಅದಕ್ಕೇನು ಗೊತ್ತು? ಏನಾದರೂ ಅಲ್ಲಾಡಿದಾಗಷ್ಟೇ ಬರೆದಿಡುವ ಮೋಷನ್ ರೆಕಾರ್ಡಿಂಗ್ ನಮಗೆ ಹಿಡಿಸದಿದ್ದಕ್ಕೂ ಇದೇ ಕಾರಣ, ರಾತ್ರಿಯಿಡೀ ಬೂದಿಯದೇ ಮೋಷನ್. ಕೊನೆಗೆ ಇನ್‌ಫ್ರಾರೆಡ್ ಆರಿಸಿ, ಪಕ್ಕಕ್ಕೆ ಸ್ವಲ್ಪ ದೂರದಲ್ಲಿ ಒಂದು ಎಲ್ಇಡಿ ಬಲ್ಬ್ ಹಾಕಿದೆ. ಬೂದಿ ಕಾಣೋದು ನಿಂತಿತು, ಬಣ್ಣವೂ ಬಂತು, ಬಿಟ್‌ರೇಟೂ ತಾನಾಗಿ ಇಳಿಯಿತು.

ಗೇಟಿನದು ಸೆಟ್ಟಿಂಗಿನಿಂದ ಬಗೆಹರಿಯುವ ಕೆಲಸವೇ ಆಗಿರಲಿಲ್ಲ. ಗೋದಾಮಿನ ಗೋಡೆಯ ಮೇಲೆ ಅಗಲಕ್ಕೆ ನೋಡುವ 2.8 ಎಂಎಂ ಲೆನ್ಸಿನ ಕ್ಯಾಮೆರಾ. ಗೇಟಿನ ಹತ್ತಿರ ಅದಕ್ಕೆ ಕಾಣುವ ಅಗಲ ಸುಮಾರು 25 ಮೀಟರ್. ಚಿತ್ರದ ಅಗಲ 2560 ಪಿಕ್ಸೆಲ್. ಮೀಟರಿಗೆ ನೂರು ಚಿಲ್ಲರೆ ಬಂತು. ಐಇಸಿ 62676-4 ಅಂತ ಕಾವಲು ಕ್ಯಾಮೆರಾಗಳ ಒಂದು ಅಂತರರಾಷ್ಟ್ರೀಯ ಮಾನದಂಡ, ಅದರ 2014ರ ಆವೃತ್ತಿಯಲ್ಲಿ ಮನುಷ್ಯನ ಗುರುತು ಹಿಡಿಯೋಕೆ ಮೀಟರಿಗೆ 250 ಪಿಕ್ಸೆಲ್ ಬೇಕು ಅಂತಿತ್ತು. ಅರ್ಧ ಮೀಟರಿನ ಕಾರ್ ಪ್ಲೇಟಿಗೆ ನಮ್ಮಲ್ಲಿ ಐವತ್ತು ಪಿಕ್ಸೆಲ್, ಆಟೋದ ಪ್ಲೇಟು ಇನ್ನೂ ಚಿಕ್ಕದು. ಎಷ್ಟು ಬಿಟ್ ಸುರಿದರೂ ಇಲ್ಲದ್ದು ಎಲ್ಲಿಂದ ಬರಬೇಕು? ಝೂಮ್ ಹೊಂದಿಸಬಹುದಾದ 2.8ರಿಂದ 12 ಎಂಎಂ ಲೆನ್ಸಿನದೊಂದು ತಂದು ಗೇಟಿನ ಐದು ಮೀಟರಿಗಷ್ಟೇ ಬಿಗಿದೆ. ದುಡ್ಡು ಖರ್ಚಾಗಿದ್ದು ಬಲ್ಬ್ ಬಿಟ್ಟರೆ ಇದೊಂದಕ್ಕೇ.

ಆಮೇಲೆ ಶಟರ್, ಅಂದರೆ ಒಂದೊಂದು ಚಿತ್ರಕ್ಕೆ ಎಷ್ಟು ಹೊತ್ತು ಬೆಳಕು ಬಿಡೋದು ಅನ್ನೋದು. ಆಟೋಮ್ಯಾಟಿಕ್‌ನಲ್ಲಿ ಬಿಟ್ಟರೆ ರಾತ್ರಿ ಅದು 1/25 ಸೆಕೆಂಡಿಗೆ ಇಳಿಯುತ್ತೆ. ಗಂಟೆಗೆ 18 ಕಿ.ಮೀ. ವೇಗದ ಗಾಡಿ ಅಷ್ಟರಲ್ಲಿ 20 ಸೆಂ.ಮೀ. ಮುಂದೆ ಹೋಗಿರುತ್ತೆ. ಅಕ್ಷರ ಕಲಸಿದ ಹಿಟ್ಟು. ಫ್ರೇಮ್ ಹೆಚ್ಚು ಮಾಡಿದರೆ ಕಲಸಿದ ಹಿಟ್ಟು ಇನ್ನೂ ನಾಲ್ಕು ಸಿಗುತ್ತೆ ಅಷ್ಟೆ. 1/500ಕ್ಕೆ ಕಟ್ಟಿಹಾಕಿದರೆ ಗಾಡಿ ಸರಿಯೋದು ಒಂದೇ ಸೆಂ.ಮೀ. ಪ್ಲೇಟು ತಾನೇ ಬೆಳಕು ವಾಪಸ್ ಎಸೆಯುವ ಜಾತಿಯದು, ಹಿಂದೆ ಮಚ್ಚೆಯಾಗಿದ್ದು ಅದಕ್ಕೇ. ಈಗ ಅಕ್ಷರ ಕಡೆದಂತೆ ಕಾಣುತ್ತೆ, ಮಿಕ್ಕಿದ್ದೆಲ್ಲ ಕಗ್ಗತ್ತಲು. ಅಪ್ಪಾಜಿ ಟಿವಿ ನೋಡಿ "ಕ್ಯಾಮೆರಾ ಕೆಟ್ಟೈತೇನೋ?" ಅಂದರು. ಗಾಡಿಯ ಬಣ್ಣ, ಆಕಾರ ಅಂಗಳದ ಕ್ಯಾಮೆರಾದಲ್ಲಿ ಸಿಗುತ್ತೆ ಅಂತ ಸಮಾಧಾನ ಹೇಳಿದೆ.

ಪರೀಕ್ಷೆ ಮಾಡಿದ್ದು ರಾತ್ರಿ ಹತ್ತಕ್ಕೆ. ನಮ್ಮ ಇಬ್ಬರು ಹುಡುಗರಿಗೆ ಮಿರ್ಚಿ ಮಂಡಕ್ಕಿ ಕೊಡಿಸಿ, ಗೋದಾಮಿನಲ್ಲಿ ಚೀಲ ಹೊತ್ತು ಬೇಗ ಬೇಗ ಓಡಾಡಿ ಅಂದೆ. ಲೈವ್‌ನಲ್ಲಿ ಚೆಂದ. ರೆಕಾರ್ಡಿಂಗ್ ತೆಗೆದರೆ ಒಬ್ಬನ ಹಿಂದೆ ಅವನದೇ ನೆರಳು ಜೋತುಬಿದ್ದಿದೆ, ಮುಖ ಮೇಣ ಕರಗಿದಂತೆ. ನಾಯ್ಸ್ ತೆಗೆಯುವ 3ಡಿ ಡಿಎನ್‌ಆರ್ ಅನ್ನು ಪೂರ್ತಿ ಏರಿಸಿದ್ದೆ, ಅದರ ಫಲ. ಅರ್ಧಕ್ಕೆ ಇಳಿಸಿ ಮತ್ತೆ ಓಡಿಸಿದೆ. ನಾಲ್ಕನೇ ಸುತ್ತಿಗೆ "ಅಣ್ಣ, ನಿಜವಾದ ಕಳ್ಳ ಇಷ್ಟು ಸಲ ಬರಲ್ಲ ಬಿಡ್ರಿ" ಅಂತ ಕೂತುಬಿಟ್ಟರು.

ಮೊಬೈಲಿನಲ್ಲಿ ನೋಡೋಕೆ ಸಬ್ ಸ್ಟ್ರೀಮ್ ಅನ್ನುವ ಚಿಕ್ಕ ವಿಡಿಯೋ ಬೇರೆ: 640x360, 10 ಫ್ರೇಮ್, ಸಾಕು. ಡಿವಿಆರ್ ಗಡಿಯಾರ 11 ನಿಮಿಷ ಮುಂದಿತ್ತು, ಎನ್‌ಟಿಪಿ ಆನ್ ಮಾಡಿ ಇಂಟರ್ನೆಟ್ಟಿನ ಟೈಮಿಗೆ ಕಟ್ಟಿದೆ. ಇದು ಚಿಲ್ಲರೆ ವಿಷಯವಲ್ಲ ಅಂತ ನಮ್ಮ ಗಿರಾಕಿ ವಕೀಲರೊಬ್ಬರು ಎಚ್ಚರಿಸಿದರು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಇಂಥ ವಿಡಿಯೋ ಕೊಡುವಾಗ ಜೊತೆಗೆ ಪ್ರಮಾಣಪತ್ರ, ಫೈಲಿನ ಬೆರಳಚ್ಚಿನಂಥ ಹ್ಯಾಶ್ ಸಂಖ್ಯೆ ಬೇಕು. ಟೈಮೇ ತಪ್ಪಿದ್ದರೆ ಎದುರು ವಕೀಲ ಮೊದಲು ಹಿಡಿಯೋದು ಅದನ್ನೇ.

ಈಗ ಡಿಸ್ಕಿನಲ್ಲಿ 17 ದಿನದ್ದು ಸಿಗುತ್ತೆ. ಎರಡು ತಿಂಗಳ ಹಿಂದೆ ಅದೇ ಡ್ರೈವರ್ ಮತ್ತೆ ಬಂದ. ಅವನು 118 ಅಂತಾನೆ, ನಮ್ಮಲ್ಲಿ 117, ಲಾರಿ ಬಂದು ಹನ್ನೊಂದು ದಿನವಾಗಿದೆ. "ಬಾರಪ್ಪ, ಕೂತ್ಕೋ" ಅಂತ ಚಹಾ ತರಿಸಿ ಅಂಗಳದ ರೆಕಾರ್ಡಿಂಗ್ ಹಾಕಿದೆ. ಇಬ್ಬರೂ ಜೋರಾಗಿ ಎಣಿಸಿದೆವು. ಎಪ್ಪತ್ತರ ಆಚೆ ಈಚೆ ನಮ್ಮ ಎಣಿಕೆಯ ಹುಡುಗ ಫೋನ್ ತೆಗೆದು ಆ ಕಡೆ ತಿರುಗಿದ್ದು, ಅವನ ಬೆನ್ನ ಹಿಂದೆ ಒಂದು ಚೀಲ ಒಳಗೆ ಹೋಗಿದ್ದು, 12 ಫ್ರೇಮಿನಲ್ಲಿ ಕಣ್ಣಿಗೆ ಹೊಡೆಯುವಂತಿತ್ತು. ಡ್ರೈವರ್ ನನ್ನ ಮುಖ ನೋಡಿದ. ಒಂದು ಚೀಲದ ದುಡ್ಡು ಎಣಿಸಿ ಕೊಟ್ಟೆ, ಅದೂ ಗಲ್ಲಾ ಕ್ಯಾಮೆರಾದಲ್ಲಿ ಚೆನ್ನಾಗೇ ಬಿದ್ದಿದೆ.